ಥಾರ್‌ಗೆ ಲಿಫ್ಟ್ ಕಿಟ್ ಹಾಕಿಸಿದರೆ ಡಕಾರ್ ಗಾಡಿ ಆಗುತ್ತಾ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು. ಮನೆಯಲ್ಲಿ ಕಬ್ಬು, ಭತ್ತದ ಬೇಸಾಯ. ನನ್ನ ಹತ್ತಿರ ಡೀಸೆಲ್ ಥಾರ್ ಇದೆ. ಡಕಾರ್ ರ‍್ಯಾಲಿ ವಿಡಿಯೊ ನೋಡಿ ನೋಡಿ ಅದರ ಹುಚ್ಚು ಹತ್ತಿದೆ. ಆ ಗಾಡಿಗಳಲ್ಲಿ ಅಂಥದ್ದೇನಿದೆ? ಮೈಸೂರಿನಲ್ಲಿ ಒಬ್ಬರು ಗಾಡಿಯನ್ನು ನಾಲ್ಕು ಇಂಚು ಎತ್ತುವ ಲಿಫ್ಟ್ ಕಿಟ್, 33 ಇಂಚಿನ ಟೈರ್, ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ), ರೋಲ್ ಕೇಜ್ (ಗಾಡಿಯೊಳಗಿನ ಕಬ್ಬಿಣದ ಪಂಜರ), ಬುಲ್ ಬಾರ್ (ಮುಂದಿನ ಕಬ್ಬಿಣದ ಅಡ್ಡಗಂಬಿ) ಹಾಕಿ ‘ಡಕಾರ್ ತರ’ ಮಾಡಿಕೊಡ್ತೀನಿ, ಆರು ಲಕ್ಷ ಆಗುತ್ತೆ ಅಂದಿದ್ದಾರೆ. ಮಾಡಿಸಬಹುದಾ? ಮುಂದೆ ರ‍್ಯಾಲಿಗೆ ಇಳಿಯುವ ಆಸೆ ಇದೆ. ಅಭ್ಯಾಸಕ್ಕೆ ಊರ ಪಕ್ಕದ ನಾಲೆ ಏರಿ ಇದೆ, ಬೇಸಿಗೆಯಲ್ಲಿ ಕೆಆರ್‌ಎಸ್ ಹಿನ್ನೀರಿನ ಬಯಲು ಇದೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಆರು ಲಕ್ಷ ಕೊಡಬೇಡಿ. ನಿಮ್ಮ ಆಸೆ ತಪ್ಪು ಅಂತಲ್ಲ, ಆ ಪಟ್ಟಿ ತಪ್ಪು. ಅದರಲ್ಲಿರುವ ಐದರಲ್ಲಿ ಒಂದೂ ನಿಮ್ಮನ್ನು ರ‍್ಯಾಲಿಯ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಎರಡು ಮೂರು ನಿಮ್ಮ ಜೀವಕ್ಕೇ ಕುತ್ತು ತರಬಹುದು. ಯಾಕೆ ಅಂತ ಹೇಳಬೇಕಾದರೆ ಡಕಾರ್ ಗಾಡಿ ಯಾವ ಕೆಲಸಕ್ಕೆ ಹುಟ್ಟಿದ್ದು ಅನ್ನುವುದರಿಂದ ಶುರು ಮಾಡಬೇಕು.

ಈ ರ‍್ಯಾಲಿ ಶುರುವಾಗಿದ್ದು 1978ರ ಡಿಸೆಂಬರ್ 26ರಂದು, ಪ್ಯಾರಿಸ್‌ನಿಂದ. ಅದಕ್ಕೂ ಮುಂಚೆ ಥಿಯೆರಿ ಸಬೀನ್ ಎಂಬ ಫ್ರೆಂಚ್ ಬೈಕ್ ಸವಾರ ಲಿಬಿಯಾ ಮರುಭೂಮಿಯಲ್ಲಿ ದಾರಿ ತಪ್ಪಿ ಸಾಯುವ ಸ್ಥಿತಿಗೆ ಹೋಗಿ ಬದುಕಿ ಬಂದಿದ್ದರು. ಆ ಮರುಭೂಮಿಯನ್ನೇ ಸ್ಪರ್ಧೆಯ ದಾರಿ ಮಾಡಿದವರು ಅವರು. ಮೊದಲ ಸಲ 182 ಗಾಡಿ ಹೊರಟವು. ಸೆನೆಗಲ್‌ನ ಡಕಾರ್ ತಲುಪಿದ್ದು 74. ಗೆದ್ದವರು ಯಾರು ಅನ್ನುವುದಕ್ಕಿಂತ ಈ ಎರಡು ಅಂಕಿಯನ್ನು ಮನಸ್ಸಲ್ಲಿಟ್ಟುಕೊಳ್ಳಿ. ಭದ್ರತೆಯ ಭಯದಿಂದ 2008ರ ರ‍್ಯಾಲಿ ರದ್ದಾಯಿತು, 2009ರಿಂದ ದಕ್ಷಿಣ ಅಮೆರಿಕಕ್ಕೆ ಹೋಯಿತು, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಜಾಗ ಬದಲಾದರೂ ಕೆಲಸ ಅದೇ. ಎರಡು ವಾರ, ದಿನಕ್ಕೆ ನೂರಾರು ಕಿಲೋಮೀಟರ್, ಮರಳು, ಕಲ್ಲು, ಧೂಳು. ಕೊನೆಯ ದಿನದ ಸಂಜೆಯೂ ಗಾಡಿ ಓಡುತ್ತಿರಬೇಕು.

ಹಾಗಾಗಿ ಅದು ವೇಗಕ್ಕೆ ಕಟ್ಟಿದ ಗಾಡಿ ಅಲ್ಲ, ಮುರಿಯದೆ ವೇಗವಾಗಿ ಹೋಗೋಕೆ ಕಟ್ಟಿದ ಗಾಡಿ. 2024ರಲ್ಲಿ ಕಾರ್ಲೋಸ್ ಸೈನ್ಜ್ ಗೆದ್ದದ್ದನ್ನೇ ನೋಡಿ. ಆಗ ಅವರಿಗೆ 61 ವರ್ಷ. ಆ ರ‍್ಯಾಲಿಯಲ್ಲಿ ಅವರು ಒಂದೇ ಒಂದು ದಿನದ ಹಂತವನ್ನೂ ಗೆಲ್ಲಲಿಲ್ಲ. ಹಂತದ ಮೇಲೆ ಹಂತ ಗೆದ್ದ ಸೆಬಾಸ್ಟಿಯನ್ ಲೋಬ್ ಮೂರನೆಯವರಾದರು. ಸೈನ್ಜ್ ಪ್ರತಿದಿನ ಮುಂದಿನವರ ಹತ್ತಿರವೇ ಇದ್ದರು, ಗಾಡಿಯನ್ನು ಇಡಿಯಾಗಿ ವಾಪಸ್ ತಂದರು, ಅಷ್ಟೇ. ನನಗೆ ಡಕಾರ್‌ನಲ್ಲಿ ಅತಿ ಇಷ್ಟವಾದ ಗೆಲುವುಗಳಲ್ಲಿ ಅದೂ ಒಂದು.

ಈಗ ಗಾಡಿಯ ಒಳಗೆ ಬರೋಣ. ವಿಡಿಯೊದಲ್ಲಿ ನೀವು ನೋಡುವ ದೊಡ್ಡ ಗಾಡಿಗಳು ಹೆಚ್ಚಾಗಿ ಟಿ1 ಪ್ಲಸ್ ಎಂಬ ವರ್ಗದವು. ಮೇಲೆ ಹೈಲಕ್ಸ್, ರ‍್ಯಾಪ್ಟರ್ ಅಂತ ಹೆಸರಿರುತ್ತದೆ. ಒಳಗೆ ಶೋರೂಮಿನ ಹೈಲಕ್ಸ್‌ನದು ಅಂತ ಹೇಳುವಂಥದ್ದು ತುಂಬಾ ಕಡಿಮೆ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಂಜರವೇ ಚಾಸಿ. ಮೇಲಿನ ಮೈ ಕಾರ್ಬನ್ ಫೈಬರ್‌ನ ತೆಳು ಹಾಳೆ. ಟೊಯೊಟಾ ಗಾಡಿಯಲ್ಲಿ ಲ್ಯಾಂಡ್ ಕ್ರೂಸರ್ 300ರ 3.5 ಲೀಟರ್ ಟ್ವಿನ್ ಟರ್ಬೊ ವಿ6 ಎಂಜಿನ್ ಇದೆ. ಫೋರ್ಡ್ ರ‍್ಯಾಪ್ಟರ್‌ನಲ್ಲಿ 5 ಲೀಟರ್ ವಿ8. ಶಕ್ತಿ ಎಷ್ಟು ಗೊತ್ತಾ? ಸುಮಾರು 360ರಿಂದ 400 ಹಾರ್ಸ್‌ಪವರ್ ಒಳಗೆ. ನಿಯಮವೇ ಅದಕ್ಕೆ ಕಡಿವಾಣ ಹಾಕುತ್ತದೆ. ಗರಿಷ್ಠ ವೇಗಕ್ಕೂ ಗಂಟೆಗೆ 170 ಕಿಲೋಮೀಟರ್ ಮಿತಿ ಇದೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದಕ್ಕಿಂತ ಜಾಸ್ತಿ ಶಕ್ತಿ ಇರುವ ಜರ್ಮನ್ ಕಾರುಗಳು ದಿನಾ ಓಡಾಡುತ್ತವೆ. ಅಂದರೆ ಗುಟ್ಟು ಎಂಜಿನ್‌ನಲ್ಲಿಲ್ಲ.

ಗುಟ್ಟು ಇರುವುದು ಚಕ್ರ ಮತ್ತು ಚಾಸಿ ನಡುವಿನ ಜಾಗದಲ್ಲಿ. 2022ರಲ್ಲಿ ಟಿ1 ಪ್ಲಸ್ ನಿಯಮ ಬಂದಾಗ ಮೂರು ಅಳತೆ ಬದಲಾದವು. ನಾಲ್ಕು ಚಕ್ರ ಎಳೆತದ ಗಾಡಿಗಳ ಟೈರ್ 32 ಇಂಚಿನಿಂದ 37ಕ್ಕೆ ಏರಿತು. ಗಾಡಿಯ ಅಗಲ 2 ಮೀಟರಿನಿಂದ 2.3 ಮೀಟರ್ ಆಯಿತು. ಚಕ್ರ ಮೇಲೆ ಕೆಳಗೆ ಆಡುವ ದೂರ, ಅಂದರೆ ಸಸ್ಪೆನ್ಷನ್ ಟ್ರಾವೆಲ್, 280 ಮಿಲಿಮೀಟರ್ ಇದ್ದದ್ದು 350 ಆಯಿತು. ಈ ಮೂರನೆಯದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲಿಫ್ಟ್ ಕಿಟ್ ಮಾರುವವರು ನಿಮಗೆ ಹೇಳದೇ ಇರುವುದು ಇದನ್ನೇ.

ಎತ್ತರ ಬೇರೆ, ಟ್ರಾವೆಲ್ ಬೇರೆ. ಗಾಡಿ ನಿಂತಾಗ ಸ್ಪ್ರಿಂಗ್ ಸ್ವಲ್ಪ ಅದುಮಿಕೊಂಡಿರುತ್ತದೆ. ಉಬ್ಬು ಬಂದರೆ ಚಕ್ರ ಇನ್ನೂ ಮೇಲೆ ಹೋಗೋಕೆ ಜಾಗ ಬೇಕು, ಗುಂಡಿ ಬಂದರೆ ಕೆಳಗೆ ಇಳಿಯೋಕೆ ಜಾಗ ಬೇಕು. ನಿಮ್ಮ ಥಾರ್‌ನ ಮುಂದಿನ ಚಕ್ರಗಳಿಗೆ ಇರುವುದು ಡಬಲ್ ವಿಷ್‌ಬೋನ್. ಅದರ ಮೇಲಿನ ತೋಳು, ಕೆಳಗಿನ ತೋಳು ಎಷ್ಟು ಉದ್ದವೋ ಅಷ್ಟೇ ಅದರ ಆಟ. ನೀವು ಸ್ಪ್ರಿಂಗಿನ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಇಟ್ಟು ಗಾಡಿಯನ್ನು ಎತ್ತಿದರೆ ಒಟ್ಟು ಆಟ ಒಂದು ಮಿಲಿಮೀಟರ್ ಕೂಡ ಜಾಸ್ತಿ ಆಗುವುದಿಲ್ಲ. ಕೆಳಗಿಳಿಯೋಕೆ ಇದ್ದ ಜಾಗವನ್ನು ನಿಂತಲ್ಲೇ ಖರ್ಚು ಮಾಡಿಬಿಟ್ಟಿರುತ್ತೀರಿ. ಆಮೇಲೆ ಸಣ್ಣ ಗುಂಡಿ ಸಿಕ್ಕರೂ ಚಕ್ರ ಕೊನೆ ಮುಟ್ಟಿ ‘ಟಕ್’ ಅನ್ನುತ್ತದೆ, ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರ ಬ್ರೇಕೂ ಹಿಡಿಯಲ್ಲ, ತಿರುಗಿಸಿದ ಕಡೆಗೂ ಹೋಗಲ್ಲ.

ಇನ್ನೊಂದು ಪೆಟ್ಟು ಬೀಳುವುದು ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೆ ತಲುಪಿಸುವ ಡ್ರೈವ್ ಶಾಫ್ಟ್‌ಗೆ. ನಾಲ್ಕು ಇಂಚು ಎತ್ತಿದರೆ ಆ ಶಾಫ್ಟಿನ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್, ಯಾವಾಗಲೂ ಸೊಟ್ಟ ಕೋನದಲ್ಲೇ ತಿರುಗಬೇಕು. ಅದರ ರಬ್ಬರ್ ಬೂಟ್ ಮಡಿಕೆ ಮಡಿಕೆಗೆ ಉಜ್ಜಿ ಹರಿಯುತ್ತದೆ. ಗ್ರೀಸ್ ಹೊರಗೆ, ಧೂಳು ಒಳಗೆ. ಹೀಗೆ ಎತ್ತಿದ ಗಾಡಿಗಳು ನನ್ನ ವರ್ಕ್‌ಶಾಪಿಗೆ ಬಂದಾಗ ನಾನು ಮೊದಲು ಬಗ್ಗಿ ನೋಡುವುದು ಆ ಬೂಟನ್ನೇ. ಚಕ್ರದ ಒಳಮೈ ಮೇಲೆ ಕಪ್ಪು ಗ್ರೀಸ್ ಸುತ್ತಲೂ ಚಿಮ್ಮಿರುವ ಗುರುತು ಇದ್ದರೆ ಮುಂದೆ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ಡಕಾರ್ ಗಾಡಿ ಆ 350 ಮಿಲಿಮೀಟರನ್ನು ಪಡೆಯುವುದು ಉದ್ದನೆಯ ತೋಳುಗಳಿಂದ. ಅಗಲ 2.3 ಮೀಟರ್ ಆಗಿದ್ದು ಅದಕ್ಕೂ ಅನುಕೂಲವೇ. ಜೊತೆಗೆ ಒಂದೊಂದು ಚಕ್ರಕ್ಕೆ ಎರಡೆರಡು ಶಾಕ್ ಅಬ್ಸಾರ್ಬರ್ ಹಾಕುವುದು ಮಾಮೂಲು. ಯಾಕೆ ಎರಡು? ಸ್ಪ್ರಿಂಗು ತೂಕ ಹೊರುತ್ತದೆ. ಶಾಕು ಆ ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಹಿಡಿದ ಆ ಶಕ್ತಿ ಎಲ್ಲಿಗೂ ಮಾಯ ಆಗುವುದಿಲ್ಲ, ಒಳಗಿನ ಎಣ್ಣೆ ಬಿಸಿಯಾಗುತ್ತದೆ. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ಗ್ಯಾಸ್ ಬೆರೆತರೆ ನೊರೆ ಬರುತ್ತದೆ. ನೊರೆಹಾಲನ್ನು ಹಿಂಡಿದರೆ ಕೈಗೇನು ಸಿಗುತ್ತೆ ಹೇಳಿ? ಶಾಕ್ ಒಳಗಿನ ಪಿಸ್ಟನ್‌ಗೂ ಹಾಗೇ, ತಡೆಯೇ ಸಿಗುವುದಿಲ್ಲ. ಡ್ರೈವರ್‌ಗೆ ಗಾಡಿ ಇದ್ದಕ್ಕಿದ್ದಂತೆ ದೋಣಿ ಆದಂಗೆ ಅನ್ನಿಸುತ್ತದೆ. ಎರಡು ಶಾಕ್ ಇದ್ದರೆ ಬಿಸಿ ಹಂಚಿಹೋಗುತ್ತದೆ, ಪಕ್ಕದ ಡಬ್ಬಿಯಲ್ಲಿ ಹೆಚ್ಚು ಎಣ್ಣೆ ಇರುತ್ತದೆ, ಗ್ಯಾಸನ್ನು ಎಣ್ಣೆಯಿಂದ ಬೇರೆ ಇಟ್ಟಿರುತ್ತಾರೆ.

ಇದನ್ನು ನಿಮ್ಮ ಥಾರ್‌ನಲ್ಲೇ ಪರೀಕ್ಷೆ ಮಾಡಬಹುದು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಹಾಳಾದ ದಾರಿಯಲ್ಲಿ ಒಂದು ಇಪ್ಪತ್ತು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಿ. ಗಾಡಿ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೈಗೆ ತೆಳು ಗ್ಲೌಸ್ ಹಾಕಿಕೊಂಡು ನಾಲ್ಕೂ ಶಾಕ್‌ಗಳ ಮೈ ಮುಟ್ಟಿ ನೋಡಿ. ಸೈಲೆನ್ಸರ್ ಪೈಪ್ ಹತ್ತಿರ ಹುಷಾರು. ಮುಂದಿನ ಎರಡೂ ಒಂದೇ ಬಿಸಿ, ಹಿಂದಿನ ಎರಡೂ ಒಂದೇ ಬಿಸಿ ಇರಬೇಕು. ಒಂದು ಮಾತ್ರ ತಣ್ಣಗಿದೆ ಅಂದರೆ ಖುಷಿ ಪಡಬೇಡಿ, ಅದು ಕೆಲಸವನ್ನೇ ಮಾಡುತ್ತಿಲ್ಲ. ಅದರ ರಾಡ್ ಸುತ್ತ ಎಣ್ಣೆ ಒಸರಿ ಮಣ್ಣು ಮೆತ್ತಿಕೊಂಡಿದೆಯಾ ಅಂತಲೂ ನೋಡಿ.

ಟೈರ್ ವಿಷಯ. ಕೆಆರ್‌ಎಸ್ ರಸ್ತೆಯಲ್ಲಿ ವಿಕ್ರಾಂತ್ ಟೈರ್ ಕಾರ್ಖಾನೆ ಇರುವ ಊರಲ್ಲಿ ಕೂತು ಟೈರ್ ಬಗ್ಗೆ ಮಾತಾಡದೆ ಇರೋಕಾಗುತ್ತಾ? ನಿಮ್ಮ ಥಾರ್‌ಗೆ ಬರುವ 255/65 ಆರ್18 ಟೈರ್‌ನ ಎತ್ತರ ಲೆಕ್ಕ ಹಾಕಿದರೆ 31 ಇಂಚು. 33 ಹಾಕಿದರೆ ವ್ಯಾಸ ಎರಡು ಇಂಚು ಜಾಸ್ತಿ, ಆದರೆ ಆಕ್ಸಲ್ ಮೇಲೇರುವುದು ಅದರ ಅರ್ಧ, ಒಂದೇ ಇಂಚು. ಅದಕ್ಕೆ ಬದಲಾಗಿ ಏನು ಕೊಡುತ್ತೀರಿ? ಗೇರಿಂಗ್, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಹೋಗುವ ದೂರ, ಶೇಕಡ 6ರಷ್ಟು ಉದ್ದವಾಗುತ್ತದೆ, ಎಳೆತ ಅಷ್ಟು ಕಮ್ಮಿ ಆಗುತ್ತದೆ. ಮೀಟರಿನಲ್ಲಿ 80 ತೋರಿಸುವಾಗ ಮೊದಲಿಗಿಂತ ಜೋರಾಗಿ, 85ರ ಲೆಕ್ಕದಲ್ಲಿ ಓಡುತ್ತಿರುತ್ತೀರಿ. ಒಂದೊಂದು ಚಕ್ರವೂ ಭಾರವಾಗುತ್ತದೆ. ಆ ಭಾರ ಸ್ಪ್ರಿಂಗಿನ ಕೆಳಗಿನ ಭಾರ. ಅದನ್ನು ಹಿಡಿದು ನಿಲ್ಲಿಸಬೇಕಾದ್ದು ಮತ್ತೆ ಅದೇ ಬಡಪಾಯಿ ಶಾಕು, ಅದೇ ಹಳೇ ಬ್ರೇಕು.

ಡಕಾರ್‌ನವರು ಟೈರ್‌ನ ಅಳತೆಗಿಂತ ಟೈರ್‌ನ ಗಾಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಮರಳ ದಿಬ್ಬ ಬಂದರೆ ಗಾಳಿ ಇಳಿಸುತ್ತಾರೆ, ಟೈರ್ ಅಗಲವಾಗಿ ಉದ್ದವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ಕಲ್ಲು ಬಂದರೆ ಏರಿಸುತ್ತಾರೆ, ಇಲ್ಲದಿದ್ದರೆ ಪಕ್ಕದ ಗೋಡೆ ಸೀಳುತ್ತದೆ. 2016ರಿಂದ 2018ರವರೆಗೆ ಮೂರು ವರ್ಷವೂ ಗೆದ್ದ ಪ್ಯೂಜೊ ಗಾಡಿಗಳು ಹಿಂದಿನ ಎರಡೇ ಚಕ್ರಕ್ಕೆ ಎಳೆತ ಇದ್ದ ಬಗ್ಗಿಗಳು. ನಾಲ್ಕು ಚಕ್ರದ ಎಳೆತ ಇಲ್ಲದಿದ್ದರೂ ಅವಕ್ಕೆ ಒಳಗೆ ಕೂತಲ್ಲಿಂದಲೇ ಟೈರ್ ಗಾಳಿ ಇಳಿಸುವ, ಏರಿಸುವ ಅನುಕೂಲವಿತ್ತು. ಮರಳಿನಲ್ಲಿ ಅದು ಎಷ್ಟು ದೊಡ್ಡ ಲಾಭ ಅಂತ ಗಾಡಿ ಹೂತು ಸಲಿಕೆ ಹಿಡಿದವರಿಗೆ ಗೊತ್ತು. ನಿಮಗೆ ಇದು ಹೆಚ್ಚು ಖರ್ಚಿಲ್ಲದೆ ಸಿಗುವ ವಿದ್ಯೆ. ಒಂದು ಒಳ್ಳೆ ಗೇಜ್, ಒಂದು ಸಣ್ಣ ಕಂಪ್ರೆಸರ್ ತಗೊಳ್ಳಿ. ಗಟ್ಟಿ ಮಣ್ಣಿನ ದಾರಿಗೆ 26 ಪಿಎಸ್‌ಐ ಸುತ್ತಮುತ್ತ, ಸಡಿಲ ಮರಳಿಗೆ 16–18ರವರೆಗೆ ಇಳಿಸಿ ನೋಡಿ. ಅಷ್ಟು ಇಳಿಸಿದಾಗ ನಿಧಾನ ಓಡಿಸಬೇಕು, ಜೋರಾಗಿ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಬರುತ್ತದೆ. ಟಾರ್ ರಸ್ತೆ ಹತ್ತುವ ಮುಂಚೆ ಮತ್ತೆ ತುಂಬಿಸಲೇಬೇಕು.

ಇಂಧನದ ಲೆಕ್ಕ ನನಗೆ ತುಂಬಾ ಇಷ್ಟ. ಆ ಗಾಡಿಗಳ ಟ್ಯಾಂಕ್ 500 ಲೀಟರ್ ಆಸುಪಾಸಿನದು. ಪೆಟ್ರೋಲ್‌ನ ತೂಕ ಲೀಟರಿಗೆ ಮುಕ್ಕಾಲು ಕೆಜಿ ಹತ್ತಿರ. ಅಂದರೆ ಬೆಳಿಗ್ಗೆ ಹೊರಟಾಗ ಬರೀ ಪೆಟ್ರೋಲೇ ಮೂರೂವರೆ ಕ್ವಿಂಟಾಲ್ ಮೀರಿ ಇರುತ್ತದೆ. ಸಂಜೆ ಹೊತ್ತಿಗೆ ಅದು ಸುಟ್ಟುಹೋಗಿರುತ್ತದೆ. ಒಂದೇ ಗಾಡಿ, ಆದರೆ ಬೆಳಿಗ್ಗೆ ಅದರ ನಡತೆ ಒಂದು, ಸಂಜೆ ಇನ್ನೊಂದು. ಅದಕ್ಕೇ ಟ್ಯಾಂಕನ್ನು ಹಿಂದಿನ ಬಂಪರ್ ಕಡೆ ನೇತುಹಾಕದೆ ಸೀಟಿನ ಹಿಂದೆಯೇ, ಗಾಡಿಯ ಮಧ್ಯಕ್ಕೆ ತಂದಿಟ್ಟಿರುತ್ತಾರೆ. ಭಾರ ಕಮ್ಮಿಯಾದರೂ ಮುಂದೆ ಹಿಂದೆ ತೂಗುವುದು ಹೆಚ್ಚು ಬದಲಾಗುವುದಿಲ್ಲ. ನೀವು ಹಿಂದಿನ ಬಾಗಿಲಿಗೆ ದೊಡ್ಡ ಸ್ಟೆಪ್ನಿ, ಮೇಲೆ ಕ್ಯಾರಿಯರ್, ಅದರ ಮೇಲೆ ಜೆರ್ರಿಕ್ಯಾನ್ ಅಂತ ಹೇರಿಕೊಂಡು ಹೋಗುವ ಗಾಡಿಗಳನ್ನು ನೋಡಿರುತ್ತೀರಿ. ಅಲ್ಲಿ ಆಗಿರುವುದು ಸರಿಯಾಗಿ ಇದರ ಉಲ್ಟಾ.

ಮುರಿಯದ ಗಾಡಿ ಅಂತ ಯಾವುದೂ ಇಲ್ಲ. ಹಾಗಾಗಿ ಮುರಿದದ್ದನ್ನು ಬೇಗ ಸರಿಮಾಡುವ ಹಾಗೆ ಕಟ್ಟುವುದು ಅರ್ಧ ವಿದ್ಯೆ. ಗಾಡಿಯಲ್ಲೇ ಹೈಡ್ರಾಲಿಕ್ ಜ್ಯಾಕ್ ಇರುತ್ತದೆ, ಬಟನ್ ಒತ್ತಿದರೆ ಗಾಡಿ ಮೇಲೇಳುತ್ತದೆ. ಡ್ರೈವರ್, ಕೋ-ಡ್ರೈವರ್ ಇಬ್ಬರೇ ಕೆಲವು ನಿಮಿಷದಲ್ಲಿ ಚಕ್ರ ಬದಲಿಸಿ ಹೊರಡುತ್ತಾರೆ. ಮ್ಯಾರಥಾನ್ ಹಂತ ಅಂತ ಒಂದಿದೆ, ಆ ರಾತ್ರಿ ಮೆಕ್ಯಾನಿಕ್‌ಗಳು ಗಾಡಿ ಮುಟ್ಟುವಂತಿಲ್ಲ. 2024ರಲ್ಲಿ 48 ಗಂಟೆಯ ಹಂತವನ್ನೇ ಮರುಭೂಮಿಯ ನಡುವೆ ಇಟ್ಟರು. ಡಾಸಿಯಾ ಸ್ಯಾಂಡ್‌ರೈಡರ್ ಅಂತ ಒಂದು ಗಾಡಿ ಇದೆ. ಅದರ ಮೈಯ ಒಂದು ಭಾಗವನ್ನು ಅಯಸ್ಕಾಂತದ್ದಾಗಿ ಮಾಡಿದ್ದಾರೆ. ಯಾಕೆ ಅಂದರೆ ರಿಪೇರಿ ಮಾಡುವಾಗ ಬಿಚ್ಚಿದ ನಟ್ ಬೋಲ್ಟ್ ಅಲ್ಲಿ ಅಂಟಿಸಿಡೋಕೆ, ಮರಳಲ್ಲಿ ಬಿದ್ದು ಕಳೆದುಹೋಗದ ಹಾಗೆ. ನೋಡೋಕೆ ಚಿಕ್ಕ ವಿಷಯ. ಮಳೆಗಾಲದ ಕೆಸರಲ್ಲಿ ಒಂದು ನಟ್ ಬೀಳಿಸಿಕೊಂಡು ಟಾರ್ಚ್ ಹಿಡಿದು ಹುಡುಕಿದವರಿಗೆ ಆ ಎಂಜಿನಿಯರ್ ಎಷ್ಟು ಬುದ್ಧಿವಂತ ಅಂತ ಅರ್ಥ ಆಗುತ್ತದೆ.

ನಿಮ್ಮ ಗಾಡಿಗೆ ಇದರಿಂದ ತಗೋಬಹುದಾದ ಪಾಠ ಬಣ್ಣದ ಪೆನ್. ಸಸ್ಪೆನ್ಷನ್‌ನ ಒಂದೊಂದು ನಟ್ಟನ್ನೂ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಸರಿಯಾಗಿ ಬಿಗಿದು, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದ ಮೇಲೆ ಬರುವ ಹಾಗೆ ಹಳದಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಸಾಕು. ಗೆರೆ ಮುರಿದಿದ್ದರೆ ನಟ್ ತಿರುಗಿದೆ. ನೂರು ರೂಪಾಯಿ ಸುತ್ತಮುತ್ತ ಸಿಗುವ ಪೆನ್ನು. ನನ್ನ ಹತ್ತಿರ ಕೆಲಸ ಕಲಿಯೋಕೆ ಬರುವ ಹುಡುಗರಿಗೆ ನಾನು ಮೊದಲು ಕೊಡುವುದು ಸ್ಪ್ಯಾನರ್ ಅಲ್ಲ, ಇದು.

ಧೂಳಿನ ವಿಷಯಕ್ಕೆ ಬಂದರೆ ಸ್ನಾರ್ಕೆಲ್ ಪೂರ್ತಿ ಕೆಟ್ಟದ್ದಲ್ಲ. ಅದರ ನಿಜವಾದ ಉಪಯೋಗ ನೀರಿಗಿಂತ ಧೂಳಿಗೆ. ಮರುಭೂಮಿಯಲ್ಲಿ ಫೆಶ್‌ಫೆಶ್ ಅಂತ ಒಂದು ಜಾತಿಯ ಮಣ್ಣಿದೆ, ಹಿಟ್ಟಿನಷ್ಟು ನಯ. ಮೇಲೆ ಗಟ್ಟಿ ನೆಲದಂತೆ ಕಂಡು ಗಾಡಿ ಇಳಿದ ತಕ್ಷಣ ಬಾನೆಟ್ ಮೇಲೆಲ್ಲ ಉಕ್ಕುತ್ತದೆ. ಮಾರ್ಚ್ ತಿಂಗಳಲ್ಲಿ ನಿಮ್ಮ ಕಡೆ ಕಬ್ಬಿನ ಲೋಡ್ ಹೋದ ಮೇಲಿನ ಕೆಂಪು ಧೂಳೂ ಏನು ಕಮ್ಮಿ ಇಲ್ಲ. ಆದರೆ ಸ್ನಾರ್ಕೆಲ್ ಹಾಕಿಸಿ ಏರ್ ಫಿಲ್ಟರ್ ಮರೆತರೆ ಪ್ರಯೋಜನ ಇಲ್ಲ. ಇಂಥ ದಾರಿಯಲ್ಲಿ ಓಡಿಸುವವರು ಕಂಪನಿ ಹೇಳಿದ ಅವಧಿ ಕಾಯಬಾರದು, ತೆಗೆದು ನೋಡುತ್ತಲೇ ಇರಬೇಕು. ರೇಡಿಯೇಟರ್ ಮುಂದೆ ಕಬ್ಬಿನ ತರಗು, ಪಾರ್ಥೇನಿಯಂ ಹೂವು ತುಂಬಿಕೊಂಡಿರುತ್ತದೆ. ಎಂಜಿನ್ ಬಿಸಿಯಾಗಿ ನಿಂತ ಗಾಡಿಗಳಲ್ಲಿ ಎಷ್ಟೋ ಸಲ ಬೇರೆ ತೊಂದರೆಯೇ ಇರುವುದಿಲ್ಲ.

ಈಗ ಜೀವದ ಮಾತು. ರೋಲ್ ಕೇಜ್ ಅಂದರೆ ರಕ್ಷಣೆ ಅಂತ ಎಲ್ಲರೂ ನಂಬುತ್ತಾರೆ. ರ‍್ಯಾಲಿಯಲ್ಲಿ ಹೌದು. ಅಲ್ಲಿ ತಲೆಗೆ ಹೆಲ್ಮೆಟ್ ಇರುತ್ತದೆ, ಕುತ್ತಿಗೆ ಹಿಡಿಯುವ ಹ್ಯಾನ್ಸ್ ಇರುತ್ತದೆ, ಆರು ಕಡೆ ಬಿಗಿಯುವ ಬೆಲ್ಟ್ ಇರುತ್ತದೆ, ಮೈಯನ್ನು ಅಪ್ಪಿ ಹಿಡಿಯುವ ಸೀಟ್ ಇರುತ್ತದೆ. ಇಷ್ಟೂ ಸೇರಿದರೆ ಒಂದು ವ್ಯವಸ್ಥೆ. ಅದರಲ್ಲಿ ಕೇಜ್ ಒಂದನ್ನೇ ಕಿತ್ತು ತಂದು ದಿನಾ ಓಡಿಸುವ ಥಾರ್‌ಗೆ ಹಾಕಿದರೆ ಏನಾಗುತ್ತದೆ? ಮಾಮೂಲಿ ಬೆಲ್ಟ್ ಹಾಕಿಕೊಂಡು, ಹೆಲ್ಮೆಟ್ ಇಲ್ಲದೆ ಕೂತ ನಿಮ್ಮ ತಲೆಯಿಂದ ಒಂದು ಗೇಣು ದೂರದಲ್ಲಿ ಕಬ್ಬಿಣದ ಕೊಳವೆ ಬಂದಿರುತ್ತದೆ. ಪಕ್ಕದಿಂದ ಸಣ್ಣ ಡಿಕ್ಕಿಯಾದರೂ ತಲೆ ಹೋಗಿ ಬಡಿಯುವುದು ಅದಕ್ಕೇ. ಉಲ್ಟಾ ಕಥೆಯೂ ಇದೆ. ಕೇಜ್ ಇಲ್ಲದೆ ಆರು ಕಡೆಯ ಬೆಲ್ಟ್ ಮಾತ್ರ ಹಾಕಿದರೆ ಗಾಡಿ ಪಲ್ಟಿಯಾದಾಗ ಮೈ ಬಗ್ಗುವುದಿಲ್ಲ, ಮೇಲಿಂದ ಛಾವಣಿ ಕುಸಿಯುತ್ತದೆ. ಎರಡೂ ಬೇಡ. ಬುಲ್ ಬಾರ್ ಅಂತೂ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂತ ಹೇಳಿದ ವಸ್ತು. ಎದುರಿಗೆ ಬಂದ ಪಾದಚಾರಿಗೆ ಅಪಾಯ, ನಿಮ್ಮ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದಿರುವ ಅಪಾಯ.

ಕಾನೂನು ಕೂಡ ನಿಮ್ಮ ಪಟ್ಟಿಯ ಕಡೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆರ್‌ಟಿಒ ಹಿಡಿದರೆ ದಂಡ ಕಟ್ಟಿ ಬರಬಹುದು ಅಂದುಕೊಳ್ಳಬೇಡಿ. ಅಪಘಾತವಾದ ದಿನ ವಿಮೆ ಕಂಪನಿಯವರು ಮೊದಲು ಅಳೆಯುವುದು ಇದನ್ನು.

ಹಾಗಾದರೆ ದುಡ್ಡನ್ನು ಎಲ್ಲಿ ಹಾಕಬೇಕು? ನನ್ನ ಪ್ರಕಾರ ಮೊದಲನೆಯ ವರ್ಷ ಒಂದು ಪೈಸೆಯನ್ನೂ ಎತ್ತರಕ್ಕೆ ಹಾಕಬೇಡಿ. ಈಗಿರುವ ಅಳತೆಯಲ್ಲೇ ಒಳ್ಳೆ ಆಲ್ ಟೆರೇನ್ ಟೈರ್, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೆಳಗೆ ಗಟ್ಟಿ ಸ್ಕಿಡ್ ಪ್ಲೇಟ್, ಚಾಸಿಗೆ ಸರಿಯಾಗಿ ಬೋಲ್ಟ್ ಆದ ಎಳೆಯುವ ಕೊಕ್ಕೆ, ಹೊಸ ಬ್ರೇಕ್ ಎಣ್ಣೆ. ಶಾಕ್ ಬದಲಿಸುವುದಾದರೆ ಕಂಪನಿಯ ಎತ್ತರಕ್ಕೇ ಹೊಂದುವ, ಒಳಗೆ ಹೆಚ್ಚು ಎಣ್ಣೆ ಹಿಡಿಯುವ ಒಳ್ಳೆಯದನ್ನೇ ತಗೊಳ್ಳಿ, ಜಿಪುಣತನ ಅಲ್ಲಿ ಬೇಡ. ಪ್ಲೇಟ್ ಮಾಡಿಸೋಕೆ ಮೈಸೂರಿಗೆ ಬನ್ನಿ. ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಇದ್ದ ಊರು ಇದು. ಲೇತ್ ಮತ್ತು ವೆಲ್ಡಿಂಗ್ ಚೆನ್ನಾಗಿ ಬಲ್ಲವರು ಈಗಲೂ ಇದ್ದಾರೆ. ಪ್ಲೇಟಿನಲ್ಲಿ ಎಣ್ಣೆ ಬಸಿಯೋಕೆ, ಗಾಳಿ ಆಡೋಕೆ ತೂತು ಬಿಡಿಸಿಕೊಳ್ಳುವುದನ್ನು ಮರೆಯಬೇಡಿ.

ರ‍್ಯಾಲಿಗೆ ಇಳಿಯುವ ಬಾಗಿಲು ಟಿಎಸ್‌ಡಿ. ಸಮಯ, ವೇಗ, ದೂರ, ಈ ಮೂರರ ಲೆಕ್ಕದ ಸ್ಪರ್ಧೆ. ಕೊಟ್ಟ ಸರಾಸರಿ ವೇಗದಲ್ಲಿ, ಕೊಟ್ಟ ದಾರಿಯಲ್ಲಿ, ಸರಿಯಾದ ಸೆಕೆಂಡಿಗೆ ತಲುಪಬೇಕು. ಬೇಗ ಹೋದರೂ ದಂಡ, ತಡವಾದರೂ ದಂಡ. ಇದಕ್ಕೆ ಶೋರೂಮಿನಿಂದ ಬಂದ ಥಾರ್ ಸಾಕು. ಡಕಾರ್‌ನಲ್ಲೂ ಅರ್ಧ ಯುದ್ಧ ದಾರಿ ಹುಡುಕುವುದೇ. ಅಲ್ಲಿ ಮೊಬೈಲ್ ಮ್ಯಾಪ್ ಇಲ್ಲ. ಹಂತ ಶುರುವಾಗುವ ಸ್ವಲ್ಪ ಮುಂಚೆ ರೋಡ್‌ಬುಕ್ ಸಿಗುತ್ತದೆ, ಈಗ ಅದು ಟ್ಯಾಬ್ಲೆಟ್‌ನಲ್ಲಿ ಬರುತ್ತದೆ. ಅದರಲ್ಲಿ ಇಷ್ಟು ಕಿಲೋಮೀಟರಿಗೆ ಈ ದಿಕ್ಕು, ಇಲ್ಲಿ ಹಳ್ಳ, ಇಲ್ಲಿ ಅಪಾಯ ಅಂತ ಚಿಕ್ಕ ಚಿಕ್ಕ ಚಿತ್ರ. ಕೋ-ಡ್ರೈವರ್ ದೂರದ ಮೀಟರ್ ನೋಡುತ್ತಾ, ದಿಕ್ಕಿನ ಡಿಗ್ರಿ ನೋಡುತ್ತಾ ಓದಿ ಹೇಳಬೇಕು. ಒಂದು ಚಿತ್ರ ತಪ್ಪಿದರೆ ಅರ್ಧ ಗಂಟೆ ಹೋಯಿತು.

ಇದನ್ನು ನೀವು ಈಗಲೇ ಕಲಿಯಬಹುದು. ಒಬ್ಬ ಗೆಳೆಯ ಪಾಂಡವಪುರದಿಂದ ನಾಗಮಂಗಲ ಕಡೆಗೆ ಹಳ್ಳಿ ರಸ್ತೆಗಳಲ್ಲೇ ಹೋಗಿ ರೋಡ್‌ಬುಕ್ ಬರೆದು ತರಲಿ. ಅರಳಿಕಟ್ಟೆ, ಡೇರಿ, ಕವಲು, ಸೇತುವೆ, ಎಲ್ಲಕ್ಕೂ ಟ್ರಿಪ್ ಮೀಟರ್ ಲೆಕ್ಕ ಹಾಕಿ. ಮುಂದಿನ ಭಾನುವಾರ ಫೋನ್ ಒಳಗಿಟ್ಟು, ಕಾನೂನಿನ ವೇಗದಲ್ಲೇ ಅದನ್ನು ಹಿಡಿದು ಹೋಗಿ. ಕೂತು ಓದುವವನಿಗೆ ತಲೆ ಸುತ್ತು, ವಾಂತಿ ಬರುತ್ತದಾ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಇದು ಸಣ್ಣ ವಿಷಯ ಅಲ್ಲ, ಒಳ್ಳೆ ಜೋಡಿಗಳು ಈ ಒಂದು ಕಾರಣಕ್ಕೆ ಮುರಿದಿವೆ. ವೇಗದ ಸ್ಪರ್ಧೆ ಬೇಕು ಅನ್ನಿಸಿದಾಗ ದೇಶದ ಮೋಟಾರ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಮಾಡಿಸಿ, ಆಟೋಕ್ರಾಸ್‌ನಿಂದ, ಅಂದರೆ ಮೈದಾನದಲ್ಲಿ ಗುರುತು ಹಾಕಿದ ಸಣ್ಣ ದಾರಿಯ ಸ್ಪರ್ಧೆಯಿಂದ, ಶುರು ಮಾಡಿ. ಮೈಸೂರಿನ ಲಲಿತ ಮಹಲ್ ಪಕ್ಕದ ಮೈದಾನದಲ್ಲೇ ಇಂಥವು ನಡೆದಿವೆ. ಆಗ ಅದಕ್ಕೆ ಅಂತಲೇ ಒಂದು ಹಳೇ ಗಾಡಿ ತಗೊಂಡು, ಕೇಜ್, ಸೀಟ್, ಬೆಲ್ಟ್ ಎಲ್ಲವನ್ನೂ ನಿಯಮದ ಪ್ರಕಾರ ಮಾಡಿಸೋಣ. ಮನೆಯವರು ಓಡಾಡುವ ಗಾಡಿ ಮನೆಯವರಿಗೇ ಇರಲಿ.

ನಮ್ಮವರು ಅಲ್ಲಿಗೆ ಹೋಗಿಲ್ಲ ಅಂತೇನಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ಬೈಕ್‌ನಲ್ಲಿ, 36ನೇ ಸ್ಥಾನ. ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. 2024ರಲ್ಲಿ ಕೇರಳದ ಹರಿತ್ ನೋವಾ 11ನೆಯವರಾದರು.

ಕೊನೆಗೆ ಅಭ್ಯಾಸದ ಜಾಗ. ನಾಲೆ ಏರಿ ಬೇಡ. ಇದನ್ನು ಕೈ ಮುಗಿದು ಹೇಳುತ್ತೇನೆ. 2018ರಲ್ಲಿ ನಿಮ್ಮದೇ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಏರಿಯ ಅಂಚು ಗಟ್ಟಿ ಕಂಡರೂ ಎರಡು ಟನ್ ಹತ್ತಿರದ ಗಾಡಿ ಅಡ್ಡ ಜಾರಿದರೆ ನಿಲ್ಲಿಸುವ ಒಂದು ತಡೆಯೂ ಇರುವುದಿಲ್ಲ. ಬಿದ್ದರೆ ನೀರಿನ ಒತ್ತಡಕ್ಕೆ ಬಾಗಿಲು ತೆಗೆಯೋಕೆ ಆಗುವುದಿಲ್ಲ. ಹಿನ್ನೀರಿನ ಬಯಲೂ ಬೇಡ. ಹೂಳು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಎಳೆಯೋಕೆ ಬಂದ ಟ್ರ್ಯಾಕ್ಟರೂ ಕೂರುತ್ತದೆ. ಬೇಸಿಗೆಯಲ್ಲಿ ಅಲ್ಲಿ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳಿವೆ, ಮೊಟ್ಟೆಯ ಬಣ್ಣ ನೆಲದ್ದೇ ಆದ್ದರಿಂದ ಸ್ಟೀರಿಂಗ್ ಹಿಂದಿನಿಂದ ಕಾಣುವುದೇ ಇಲ್ಲ. ಮೇಲುಕೋಟೆ, ಅರಬಿತಿಟ್ಟು ವನ್ಯಜೀವಿ ಧಾಮಗಳು, ಆ ಕಡೆ ಯೋಚನೆ ಬೇಡ. ತಲಕಾಡಿನ ಮರಳಿನ ಕೆಳಗೆ ದೇವಸ್ಥಾನಗಳಿವೆ, ಅದೂ ಬೇಡ.

ನಿಮ್ಮ ಹತ್ತಿರ ಇವೆಲ್ಲಕ್ಕಿಂತ ಒಳ್ಳೆ ಜಾಗ ಇದೆ, ನಿಮ್ಮದೇ ಹೊಲ. ಕಬ್ಬು ಕಟಾವಾಗಿ, ಕೂಳೆ ಬಿಡದೆ ನೆಲ ಮಾಡುವ ತುಂಡು ಯಾವುದಾದರೂ ಇದ್ದರೆ ಉಳುವ ಮುಂಚೆ ಒಂದು ವಾರ ಕೇಳಿಕೊಳ್ಳಿ. ಕಬ್ಬಿನ ಸಾಲಿಗೆ ಅಡ್ಡಡ್ಡ ಓಡಿಸಿದರೆ ನಿಮ್ಮ ಸಸ್ಪೆನ್ಷನ್‌ಗೆ ಅದಕ್ಕಿಂತ ಕಷ್ಟದ ಪರೀಕ್ಷೆ ಈ ಜಿಲ್ಲೆಯಲ್ಲಿ ಸಿಗಲ್ಲ. ಮೊದಲು ಸುತ್ತಲೂ ನಡೆದು ಬಾವಿ, ಪಂಪ್‌ಸೆಟ್ ಪೈಪ್, ಕರೆಂಟ್ ಕಂಬದ ಗೈ ವೈರ್ ಎಲ್ಲಿವೆ ಅಂತ ಗುರುತು ಹಾಕಿ. ಒಬ್ಬರೇ ಹೋಗಬೇಡಿ. ಎಳೆಯುವ ಹಗ್ಗ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡ ಒಬ್ಬರು ಹೊರಗೆ ನಿಂತಿರಲಿ. ತರಗು ಒಣಗಿರುತ್ತದೆ, ಡೀಸೆಲ್ ಗಾಡಿಯ ಬಿಸಿ ಎಕ್ಸಾಸ್ಟ್‌ಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ. ತರಗನ್ನು ಬಾಚಿ ಬದಿಗೆ ಹಾಕಿದ ಮೇಲೆಯೇ ಗಾಡಿ ಇಳಿಸಿ.

ಓಡಿಸಿ ಆದ ಮೇಲೆ ಮೂರು ವಿಷಯ ಬರೆದು ಕಳಿಸಿ. ಯಾವ ನಟ್ಟಿನ ಗೆರೆ ಮುರಿದಿತ್ತು, ಯಾವ ಶಾಕ್ ಉಳಿದವಕ್ಕಿಂತ ತಣ್ಣಗಿತ್ತು, ಗಾಡಿಯ ಹೊಟ್ಟೆ ಎಲ್ಲಿ ನೆಲಕ್ಕೆ ತಾಗಿ ಗೀರಾಗಿದೆ. ಸ್ಕಿಡ್ ಪ್ಲೇಟ್ ಎಲ್ಲಿಂದ ಎಲ್ಲಿಗೆ ಬರಬೇಕು, ಶಾಕ್ ಈಗಲೇ ಬೇಕಾ ಬೇಡವಾ ಅಂತ ಅದನ್ನು ನೋಡಿ ಹೇಳುತ್ತೇನೆ.